ಮೂರು ರಾತ್ರಿಯ ಬಿಡಾರ

ನಾವು ಚಿಕ್ಕವರಿದ್ದಾಗ ರಜೆ ಎಂದರೆ ಅಜ್ಜಿಮನೆ. ತೋಡಿನ ನೀರು, ಹಲಸಿನ ಹಣ್ಣು, ರಾತ್ರಿ ಚಿಮಿಣಿ ದೀಪದ ಸುತ್ತ ಕೂತು ಕೇಳಿದ ಕಥೆಗಳು, ಅಷ್ಟೇ. ನಮ್ಮ ಮಕ್ಕಳಿಗೆ ಅಜ್ಜಿಮನೆಗೆ ಹೋಗುವ ಭಾಗ್ಯವಿಲ್ಲ, ಏಕೆಂದರೆ ಅಜ್ಜಿ ಅವರ ಜೊತೆಯಲ್ಲೇ ಇದ್ದಾರೆ. ಹಾಗಾಗಿ ರಜೆ ಬಂತೆಂದರೆ ಅವರಿಗೆ ಮನೆ ಬಿಟ್ಟು ಬೇರೆಲ್ಲಿಗಾದರೂ ಹೋಗಬೇಕು.

2024ರ ಕ್ರಿಸ್‌ಮಸ್ ರಜೆಗೆ ಊರನ್ನು ಅವರೇ ಆರಿಸಿದ್ದರು: ದಾಂಡೇಲಿ. ಮೊಬೈಲಿನಲ್ಲಿ ಹುಡುಕಿ, ಅಲ್ಲಿ ಏನೇನು ಮಾಡಬಹುದು ಎಂಬ ಪಟ್ಟಿಯನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದರು. ರಾಫ್ಟಿಂಗ್, ಕಯಾಕಿಂಗ್, ಕಾಡಿನ ಸಫಾರಿ, ಹಕ್ಕಿ ನೋಡುವುದು, ಬೆಂಕಿ ಹಾಕಿ ಸುತ್ತ ಕೂರುವುದು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಟೆಂಟಿನಲ್ಲಿ ಮಲಗುವುದು.

ಉಮ್ಮ ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಕೇಳಿದರು: "ಮನೆ ಇದ್ದವರು ಡೇರೆಯಲ್ಲಿ ಯಾಕೆ ಮಲಗಬೇಕು?"

ಮಕ್ಕಳು ನಕ್ಕರು. ನಾವು ಒಂದೇ ಉಮ್ಮನ ಮೂವರು ಮಕ್ಕಳು, ನಗಲಿಲ್ಲ. ನಮ್ಮದು ನೇತ್ರಾವತಿಯ ದಡದ ಊರು. 1974ರ ಜುಲೈಯ ನೆರೆಯಲ್ಲಿ ನಮ್ಮ ಹಳೆಯ ಮಣ್ಣಿನ ಮನೆಯ ಗೋಡೆ ಕರಗಿ ಹೋಗಿತ್ತು. ನಮ್ಮಲ್ಲಿ ಹಿರಿಯವನು ಆಗ ಕೈಗೂಸು. ಅವನನ್ನು ಎತ್ತಿಕೊಂಡು ಉಮ್ಮ ಶಾಲೆಯ ಜಗಲಿಯಲ್ಲಿ, ಇನ್ನೂ ಹತ್ತಾರು ಮನೆಯವರ ಜೊತೆ, ಹನ್ನೆರಡು ದಿನ ಮಲಗಿದ್ದರು. ಕ್ಯಾಂಪು ಎಂಬ ಮಾತು ಅವರ ಕಿವಿಗೆ ಬಿದ್ದದ್ದೇ ಆಗ. ಮನೆ ಕಳೆದುಕೊಂಡವರು ಇರುವ ಜಾಗಕ್ಕೆ ಅವರು ಆ ಹೆಸರಿಟ್ಟುಕೊಂಡಿದ್ದರು. ದುಡ್ಡು ಕೊಟ್ಟು ಅಲ್ಲಿಗೆ ಹೋಗುವುದು ಅವರಿಗೆ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಆದರೂ ಹೊರಡುವ ದಿನ ಎಲ್ಲರಿಗಿಂತ ಮೊದಲು ತಯಾರಾಗಿ ಕೂತವರು ಅವರೇ.

ದೊಡ್ಡವರು ಆರು, ಮಕ್ಕಳು ಆರು, ಉಮ್ಮ ಸೇರಿ ಹದಿಮೂರು. ಸುಬಹಿ ನಮಾಝ್ ಮುಗಿಸಿ ಟೆಂಪೊ ಟ್ರಾವೆಲರ್ ಹತ್ತಿದ ನಾವು ಮಧ್ಯಾಹ್ನ ಕಾರವಾರ ತಲುಪಿದೆವು. ದಾಂಡೇಲಿಗೆ ಹೋಗುವವರು ಸಾಮಾನ್ಯವಾಗಿ ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬರುತ್ತಾರೆ. ಕರಾವಳಿಯ ನಮಗೆ ಕಾರವಾರದ ದಾರಿಯೇ ಹತ್ತಿರ, ಚಂದವೂ ಹೌದು. ಕಾಳಿ ನದಿ ಸಮುದ್ರ ಸೇರುವ ಜಾಗದಿಂದ ಹೊರಟು ಅದರ ಹುಟ್ಟಿನ ಕಡೆಗೆ ಹತ್ತುತ್ತಾ ಹೋಗಬಹುದು. ಸೇತುವೆಯ ಬಳಿ ಗಾಡಿ ನಿಲ್ಲಿಸಿದೆವು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಒಂದು ಲಾರಿ ನದಿಗೆ ಬಿದ್ದಿತ್ತು. ನಾಲ್ಕು ತಿಂಗಳ ಹಿಂದಿನ ಮಾತು. ಅಗಲವಾಗಿ, ಏನೂ ಆಗಿಲ್ಲವೆಂಬಂತೆ ಕಾಳಿ ಹರಿಯುತ್ತಿತ್ತು. "ಈ ನದಿಗೂ ಸಿಟ್ಟು ಬರುತ್ತದಾ?" ಎಂದು ಚಿಕ್ಕವಳು ಕೇಳಿದಳು. "ನದಿಗಲ್ಲ, ಕಬ್ಬಿಣಕ್ಕೆ ವಯಸ್ಸಾಗುತ್ತದೆ," ಎಂದರು ಉಮ್ಮ.

ಕಾಳಿಯ ಉದ್ದ ಸುಮಾರು 184 ಕಿಲೋಮೀಟರ್. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಮೊದಲು ಪೂರ್ವಕ್ಕೆ ಹೋಗಿ, ದಾಂಡೇಲಿಯಲ್ಲಿ ದಕ್ಷಿಣಕ್ಕೆ ತಿರುಗಿ, ಮತ್ತೆ ಪಶ್ಚಿಮಕ್ಕೆ ಬಂದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಅದೇ ಜಿಲ್ಲೆಯಲ್ಲಿ ಮುಗಿಯುವ ನದಿ. ಅಷ್ಟರೊಳಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳು, ನಡುವೆ ಕೈಗಾದ ಅಣುಸ್ಥಾವರ. ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗ ಮಕ್ಕಳ ಮೊಬೈಲಿನ ಸಿಗ್ನಲ್ ಹೋಯಿತು. ಗಾಡಿಯೊಳಗೆ ಮೊದಲ ಬಾರಿಗೆ ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು.

ಜೋಯಿಡಾ ವಿಸ್ತಾರದಲ್ಲಿ ಉತ್ತರ ಕನ್ನಡದ ಅತಿ ದೊಡ್ಡ ತಾಲೂಕು. 2011ರ ಜನಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು 52 ಸಾವಿರ ಮಾತ್ರ. ಕಾಡಿನ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ದಾಂಡೇಲಿ–ಅಣಶಿ ಎಂದಿದ್ದ ಅದರ ಹೆಸರು 2015ರಲ್ಲಿ ಕಾಳಿ ಎಂದಾಯಿತು. ಕುಂಬಾರವಾಡದ ಆಚೆ ಬಲಕ್ಕೆ ಎಡಕ್ಕೆ ಒಂದೊಂದು ಹಂಚಿನ ಮನೆ, ಅಂಗಳದಲ್ಲಿ ಭತ್ತದ ಹುಲ್ಲಿನ ಬಣವೆ, ಮತ್ತೆ ಮೈಲುಗಟ್ಟಲೆ ಕಾಡು. ಮಗ್ರಿಬ್ ಹೊತ್ತಿಗೆ ಗಣೇಶಗುಡಿಯ ಹತ್ತಿರದ ನಮ್ಮ ಬಿಡಾರ ಸೇರಿದೆವು. ಒಂದು ಕುಟುಂಬ ತಮ್ಮ ಮನೆಯ ಹಿತ್ತಲಿನಲ್ಲಿ ಐದು ಟೆಂಟು ಹಾಕಿ, ಮನೆಯಡುಗೆ ಕೊಡುವ ವ್ಯವಸ್ಥೆ. ಮಾಂಸದ ವಿಷಯದಲ್ಲಿ ಮುಜುಗರ ಬೇಡವೆಂದು ನಾವು ಮೊದಲೇ ಫೋನಿನಲ್ಲಿ ಅನ್ನ, ಸಾರು, ಮೀನು ಸಾಕು ಎಂದಿದ್ದೆವು. ಮನೆಯ ಯುವಕ, ಇಪ್ಪತ್ತೆರಡು ಇಪ್ಪತ್ಮೂರು ವರ್ಷದವನು, ನಮಾಝಿಗೆ ಚಾಪೆ ಹಾಸಲು ಅಂಗಳವನ್ನೇ ಗುಡಿಸಿ ಕೊಟ್ಟ. "ನದಿಯಲ್ಲಿ ವುಝೂ ಮಾಡಿ ಬರುತ್ತೇವೆ," ಎಂದು ಹೊರಟವರನ್ನು ಮಾತ್ರ ತಡೆದ. "ಬೇಡ ಅಣ್ಣಾ, ಮೊಸಳೆ ಇದಾವೆ. ಬಕೆಟ್ಟಲ್ಲಿ ಬಿಸಿನೀರು ಕೊಡ್ತೇನೆ."

ಆ ರಾತ್ರಿಯ ನಮ್ಮ ತಪ್ಪನ್ನು ಮುಚ್ಚಿಡಬಾರದು. ಊಟವಾದ ಮೇಲೆ ಬೆಂಕಿ ಹಾಕಿದೆವು. ಹುಡುಗರು ಸ್ಪೀಕರ್ ತಂದಿದ್ದರು. ಹಾಡು, ಕುಣಿತ, ನಗು. ವರ್ಷದ ಕೊನೆಯ ವಾರವಾದ್ದರಿಂದ ಸ್ವಲ್ಪ ದೂರದ ಇನ್ನೊಂದು ಬಿಡಾರದಿಂದ ನಮಗಿಂತ ಹತ್ತುಪಟ್ಟು ದೊಡ್ಡ ಶಬ್ದ ಬರುತ್ತಿತ್ತು. ಹಾಗಾಗಿ ನಮ್ಮದು ಶಬ್ದವೇ ಅಲ್ಲ ಎಂದು ನಾವೇ ತೀರ್ಮಾನಿಸಿದ್ದೆವು. ಹತ್ತೂವರೆ ದಾಟಿತ್ತು. ಯುವಕ ಬಂದು ಕತ್ತಲಲ್ಲೇ ನಿಂತ. ಹೇಳಲೋ ಬೇಡವೋ ಎಂದು ಕೈ ಹೊಸೆದು, "ಒಳಗೆ ಅಜ್ಜಿಗೆ ನಿದ್ದೆ ಬರ್ತಿಲ್ಲ ಅಣ್ಣಾ. ಸ್ವಲ್ಪ..." ಎಂದ.

ಹಣ ಕೊಟ್ಟಿದ್ದೇವೆ ಎಂಬ ಧೈರ್ಯ ಮನುಷ್ಯನನ್ನು ಎಷ್ಟು ಬೇಗ ಒರಟನನ್ನಾಗಿ ಮಾಡುತ್ತದೆ! ನಮ್ಮ ಮನೆಯ ಗೋಡೆಯಾಚೆ ಯಾರಾದರೂ ಹೀಗೆ ಕುಣಿದಿದ್ದರೆ ನಾವು ಪೊಲೀಸರಿಗೆ ಫೋನ್ ಮಾಡುತ್ತಿದ್ದೆವು. ಸ್ಪೀಕರ್ ಆರಿಸಿದೆವು. ಆ ಇನ್ನೊಂದು ಬಿಡಾರದ ಅಬ್ಬರ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ಅದು ನಿಂತ ಮೇಲೆ ಕಾಡಿನ ಸದ್ದು ಕೇಳಿಸಿತು. ನಾವು ಅದನ್ನು ಕೇಳಲೆಂದೇ ಇಷ್ಟು ದೂರ ಬಂದಿದ್ದೆವು ಎಂಬುದು ಆಗ ನೆನಪಾಯಿತು.

ಮರುದಿನ ರಾಫ್ಟಿಂಗ್. ಹೋಗುವವರಿಗೆ ಉಪಯೋಗವಾಗಲೆಂದು ಒಂದೆರಡು ಮಾತು. ಬೇಸಿಗೆಯಲ್ಲೂ ಇಲ್ಲಿ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನ ದಯೆಯಿಂದ. ವಿದ್ಯುತ್ತಿಗೆ ಬೇಡಿಕೆ ಬಂದು ಟರ್ಬೈನ್ ತಿರುಗಿದರೆ ಕೆಳಗೆ ನೀರು. ಇಲ್ಲದಿದ್ದರೆ ಬಂಡೆ ಮಾತ್ರ. ಮಳೆಗಾಲದಲ್ಲಿ ನಿಲ್ಲಿಸುತ್ತಾರೆ. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಒಂದು ರಾಫ್ಟಿಗೆ ಎಷ್ಟು ಜನ ಎಂದು ಮೊದಲೇ ಕೇಳಿ. ನಮ್ಮನ್ನು ಹತ್ತಿಸಿದವರು ಇನ್ನಿಬ್ಬರನ್ನು ತುರುಕಲು ನೋಡಿದರು. ನಾವು ಇಳಿದು ನಿಂತ ಮೇಲೆ ಸರಿಯಾಯಿತು. ನಮ್ಮ ಮನೆಯ ಹೆಂಗಸರು ಚೂಡಿದಾರ್ ಹಾಕಿ, ಹಿಜಾಬಿನ ಮೇಲೆ ಹೆಲ್ಮೆಟ್ ಬಿಗಿದುಕೊಂಡು ಕೂತಿದ್ದರು. ಯಾವ ತೊಂದರೆಯೂ ಆಗಲಿಲ್ಲ. ಬುರ್ಖಾ ಮಾತ್ರ ದಡದಲ್ಲೇ ಇರಲಿ. ಒದ್ದೆಯಾದರೆ ಭಾರ, ಜಾಕೆಟ್ಟಿನ ಪಟ್ಟಿಯೂ ಸರಿಯಾಗಿ ಕೂರುವುದಿಲ್ಲ. ಮಕ್ಕಳಿಗೆ ಹೆದರಿಕೆ ಆಗಲಿಲ್ಲ. ಅವರ ಅಪ್ಪಂದಿರಿಗೆ ಆಯಿತು. ಮೊದಲ ಅಲೆ ಎದೆಗೆ ಅಪ್ಪಳಿಸಿದಾಗ ನಮ್ಮಲ್ಲಿ ಒಬ್ಬರು ಯಾಸೀನ್ ಓದಲು ಶುರು ಮಾಡಿ, ಎರಡನೆಯ ಅಲೆಗೆ ನೀರು ಕುಡಿದು ನಿಲ್ಲಿಸಿದರು. ಅದನ್ನು ಹೇಳಿ ನಗುವುದು ಇನ್ನೂ ಮುಗಿದಿಲ್ಲ.

ಮೈಯೆಲ್ಲ ಒದ್ದೆಯಾಗಿ, ಗಂಟಲು ಬಿದ್ದು, ಹಸಿದು ಬಿಡಾರಕ್ಕೆ ಬಂದಾಗ ಉಮ್ಮ ಮನೆಯ ಹಿಂಬದಿಯ ಜಗಲಿಯಲ್ಲಿ ಆ ಮನೆಯ ಅಜ್ಜಿಯ ಜೊತೆ ಕೂತಿದ್ದರು. ಇಬ್ಬರ ನಡುವೆ ಒಂದು ಮೊರ. ಅದರಲ್ಲಿ ಬೇಯಿಸಿದ ಗೆಡ್ಡೆ. ಅಜ್ಜಿಗೆ ಕೊಂಕಣಿ, ಉಮ್ಮನಿಗೆ ಬ್ಯಾರಿ. ಇಬ್ಬರಿಗೂ ಅರ್ಧರ್ಧ ಕನ್ನಡ. ಬೆಳಗಿನಿಂದ ಮಾತು ನಿಂತಿರಲಿಲ್ಲ.

ಮಕ್ಕಳು ನದಿಯ ಸಾಹಸವನ್ನು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಅಜ್ಜಿ ಎಲ್ಲ ಕೇಳಿ ನಕ್ಕರು. ಉಮ್ಮ ನಗಲಿಲ್ಲ. "ನೀವು ಆಡಿ ಬಂದದ್ದು ಇವರ ಅಂಗಳದ ಮೇಲಿನ ನೀರಿನಲ್ಲಿ," ಎಂದರು.

ಆಗ ತಿಳಿಯಿತು. ಅಜ್ಜಿ ಸೂಪಾದವರು. ಈಗಿನ ಜೋಯಿಡಾ ತಾಲೂಕಿನ ಹಿಂದಿನ ಹೆಸರು ಸೂಪಾ. ತಾಲೂಕು ಕೇಂದ್ರವೂ ಅದೇ ಪೇಟೆ. ಕಾಳಿಗೆ ಪಾಂಡರಿ ಬಂದು ಸೇರುವ ಜಾಗದಲ್ಲಿ ಅಂಗಡಿ, ಕಚೇರಿ, ದೇವಸ್ಥಾನಗಳಿದ್ದ ಊರು. ಕಾಳಿ ಜಲವಿದ್ಯುತ್ ಯೋಜನೆಗಾಗಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ 1987ರಲ್ಲಿ ಮುಗಿಸಿದರು. ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಡಿಗೆ ಹೋದವು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಜನರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಈ ಅಜ್ಜಿಯ ಗಂಡ ನೆಂಟರ ಜಾಗ ಹಿಡಿದು ಇಲ್ಲೇ ಉಳಿದರು. ಅವರಿಗೆ ಆಗ ಮೂವತ್ತರ ಪ್ರಾಯ. ಹೆಚ್ಚುಕಡಿಮೆ ನಮ್ಮ ಉಮ್ಮನ ವಯಸ್ಸಿನವರೇ.

"ನಮ್ಮದು ಹನ್ನೆರಡು ದಿನಕ್ಕೆ ನೀರು ಇಳಿಯಿತು," ಉಮ್ಮ ಮಕ್ಕಳಿಗೆ ಹೇಳಿದರು. "ಇವರದ್ದು ಇಳಿಯಲೇ ಇಲ್ಲ."

ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಜ್ಜಿಯೇ ನಮ್ಮನ್ನು ಆ ಸಂಕಟದಿಂದ ಪಾರು ಮಾಡಿದರು. "ಆವಾಗ ಮನೆ ತಗೊಂಡಿತು. ಈವಾಗ ಮೊಮ್ಮಗನಿಗೆ ಕೂಲಿ ಕೊಡ್ತದೆ," ಎಂದು ಗೆಡ್ಡೆಯ ಸಿಪ್ಪೆ ಸುಲಿದು ಚಿಕ್ಕವಳ ಕೈಗಿಟ್ಟರು. ಮೊಮ್ಮಗ ರಾಫ್ಟಿಂಗಿನ ದಿನಗಳಲ್ಲಿ ಅಲ್ಲಿಯೂ ದುಡಿಯುತ್ತಿದ್ದ. ಅವರ ದನಿಯಲ್ಲಿ ಕಹಿ ಇರಲಿಲ್ಲ. ಕ್ಷಮೆಯೂ ಇತ್ತೆಂದು ನಾವು ಹೇಳಲಾರೆವು. ಲೆಕ್ಕ ಒಪ್ಪಿಸಿದಂತಿತ್ತು.

ನಮ್ಮ ಮನೆಯ ಫ್ಯಾನು ತಿರುಗುವುದು, ಮಕ್ಕಳ ಮೊಬೈಲು ಚಾರ್ಜ್ ಆಗುವುದು ಎಲ್ಲ ಇಂಥ ನೀರಿನಿಂದ ಎಂದು ಪಾಠಪುಸ್ತಕದಲ್ಲಿ ಓದಿದ್ದೇವೆ. ಆದರೆ ಆ ನೀರಿನ ಅಡಿಯಲ್ಲಿ ಯಾರದೋ ಒಲೆಕಲ್ಲು ಇದೆ ಎಂದು ಆ ಮನೆಯವರ ಕೈಯಿಂದಲೇ ತಿನ್ನುತ್ತಾ ಕೇಳುವುದು ಬೇರೆ. ಆ ರಾತ್ರಿ ಯಾರೂ ಹೇಳದೆಯೇ ಸ್ಪೀಕರ್ ಚೀಲದಲ್ಲೇ ಉಳಿಯಿತು.

ಮೂರನೆಯ ದಿನ ಬೆಳಿಗ್ಗೆ ಯುವಕ ನಮ್ಮನ್ನು ಹಕ್ಕಿ ನೋಡಲು ಕರೆದೊಯ್ದ. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಇವುಗಳ ಹೆಸರಿನಲ್ಲಿ 2018ರಿಂದ ಅಲ್ಲಿ ಹಾರ್ನ್‌ಬಿಲ್ ಹಬ್ಬವನ್ನೂ ನಡೆಸಿದ್ದಾರೆ. ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದು ಉಗಿಬಂಡಿ ಹೋದಂತೆ ಕೇಳುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು, ಸಣ್ಣ ಸೀಳು ಮಾತ್ರ ಬಿಡುತ್ತದೆ. ಮರಿ ಬೆಳೆಯುವವರೆಗೆ ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಗಂಡು ಬಾರದಿದ್ದರೆ ಒಳಗಿನ ಸಂಸಾರವೇ ಅಪಾಯದಲ್ಲಿ. ನಮ್ಮ ಮನೆಯ ಹೆಂಗಸರು ಇದನ್ನು ಕೇಳಿ ಗಂಡಸರ ಕಡೆ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಪೊಟರೆ ಇರುವುದು ಹಳೆಯ ದೊಡ್ಡ ಮರಗಳಲ್ಲಿ ಮಾತ್ರ. ಸಸಿ ನೆಟ್ಟು ಬೇಗ ಬೆಳೆಸಿಕೊಡಲು ಬರುವಂಥದ್ದಲ್ಲ.

ಮಧ್ಯಾಹ್ನ ಸಿಂಥೇರಿ ಬಂಡೆ. ಕಾನೇರಿ ಹೊಳೆ ಕೊರೆದ ಎತ್ತರದ ಕಲ್ಲುಗೋಡೆ, ಅದರ ಮೈತುಂಬ ಹೆಜ್ಜೇನಿನ ಗೂಡುಗಳು. ನೋಡಬೇಕು, ನೀರಿಗಿಳಿಯಬಾರದು, ಕೂಗಾಡಬಾರದು. ಉಳವಿಗೆ ಹೋಗಲು ಹೊತ್ತು ಸಾಲಲಿಲ್ಲ. ಆದರೆ ಯುವಕ ದಾರಿಯುದ್ದಕ್ಕೂ ಅದರ ಜಾತ್ರೆಯನ್ನೇ ಬಣ್ಣಿಸಿದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರ ಮೇಲೆ ಕೇಡು ಬಂದಾಗ ಚನ್ನಬಸವಣ್ಣನವರ ಜೊತೆ ಒಂದು ಗುಂಪು ಈ ಕಾಡಿಗೆ ಬಂದು ಉಳಿಯಿತು. ಅವರ ಸಮಾಧಿ ಉಳವಿಯಲ್ಲಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು, ದಾರಿಯಲ್ಲಿ ಬಿಡಾರ ಹೂಡಿ, ಅಡುಗೆ ಮಾಡಿಕೊಂಡು, ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತಾರೆ. ನಾವು ಹೊಸದೆಂದುಕೊಂಡ ಕ್ಯಾಂಪಿಂಗ್ ಅವರಿಗೆ ಅಜ್ಜನ ಕಾಲದ್ದು.

ಸಂಜೆ ಜೋಯಿಡಾದ ಒಂದು ಕುಣಬಿ ಮನೆಯಲ್ಲಿ ಗೆಡ್ಡೆ ಕೊಂಡೆವು. ಮಗುವಿನ ತೂಕದ ಮುಡ್ಲಿ ಗೆಡ್ಡೆಯನ್ನು ಎತ್ತಿಕೊಂಡು ಹುಡುಗರು ಫೋಟೊ ತೆಗೆಸಿಕೊಂಡರು. ಕುಣಬಿಗಳು ಎಷ್ಟೋ ಬಗೆಯ ಗೆಡ್ಡೆಗೆಣಸುಗಳನ್ನು ಬೀಜ ಕೆಡದಂತೆ ಕಾಪಾಡಿಕೊಂಡು ಬಂದವರು. ಗೋವಾದಲ್ಲಿ 2003ರಿಂದ ಅವರು ಪರಿಶಿಷ್ಟ ಪಂಗಡ. ಗಡಿಯ ಈಚೆಗಿನವರು ಅದೇ ಮಾನ್ಯತೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಾಡಿನ ಒಳಗಿನ ಕುಟುಂಬಗಳು ತಾವಾಗಿ ಹೊರಬಂದರೆ ಸರಕಾರದ ಪರಿಹಾರವಿದೆ. ಮೊದಲು ಕುಟುಂಬಕ್ಕೆ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷವಾಯಿತು. ಕೆಲವರು ಹೋಗಿದ್ದಾರೆ. ರಸ್ತೆ, ಶಾಲೆ, ಆಸ್ಪತ್ರೆ ಇಲ್ಲದ ಕಡೆ ಎಷ್ಟು ದಿನ ಇರುವುದು ಎಂದು ಅವರು ಕೇಳಿದರೆ ಅದೂ ನ್ಯಾಯವೇ. ಕೆಲವರು ಹೋಗಲು ಒಪ್ಪಿಲ್ಲ. ಇದರಲ್ಲಿ ಯಾರು ಸರಿ ಎಂದು ಮೂರು ದಿನದ ಅತಿಥಿಗಳಾದ ನಾವು ತೀರ್ಪು ಕೊಡುವುದು ಬೇಡ. ಆದರೆ ಕೇಳಿಸಿಕೊಳ್ಳದೆ ಬರೀ ಫೋಟೊ ತೆಗೆದುಕೊಂಡು ಬರುವುದೂ ಬೇಡ.

ನಾಲ್ಕನೆಯ ದಿನ ಬೆಳಿಗ್ಗೆ ಟೆಂಟು ಬಿಟ್ಟೆವು. ಉಮ್ಮ ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. ಏನು ಮಾತಾಡಿಕೊಂಡರೋ ಯಾವ ಭಾಷೆಯಲ್ಲೋ, ನಮಗೆ ಕೇಳಿಸಲಿಲ್ಲ.

ದಾಂಡೇಲಿ ಪೇಟೆಯನ್ನು ಗಾಡಿಯೊಳಗಿಂದಲೇ ನೋಡಿದೆವು. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ಅಲ್ಲಿಂದ ಹಳಿಯಾಳ. ಪೇಟೆಯ ಹೊರಗಿನ ಒಂದು ಸಿದ್ದಿ ಕೇರಿಯಲ್ಲಿ ಕೌದಿ ಹೊಲಿದು ಮಾರುವ ಮನೆಯಿದೆ ಎಂದು ಯುವಕ ಗುರುತು ಹೇಳಿದ್ದ. ಬಾಗಿಲಲ್ಲಿ ನಿಂತ ಹೆಂಗಸು "ಅಸ್ಸಲಾಮು ಅಲೈಕುಂ" ಎಂದಾಗ ನಮ್ಮ ಮಕ್ಕಳು ಬೆಪ್ಪಾದರು. ಸಿದ್ದಿಗಳಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತರಲಾದವರ ವಂಶಸ್ಥರು. ಅವರಲ್ಲಿ ಅನೇಕರ ಹಿರಿಯರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರು. ಬೆನ್ನಟ್ಟಿ ಬಂದವರಿಂದ ಅವರನ್ನು ಮರೆಮಾಡಿದ್ದು ಇದೇ ಕಾಡು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ನಮ್ಮ ಹುಡುಗರಲ್ಲಿ ಒಬ್ಬ ಆ ಮನೆಯ ಹುಡುಗಿಯನ್ನು, ಅವನದೇ ಪ್ರಾಯದವಳು, "ನೀವು ಆಫ್ರಿಕಾದವರಾ?" ಎಂದು ಕೇಳಿಬಿಟ್ಟ.

"ನಾವು ಹಳಿಯಾಳದವರು," ಎಂದಳು ಅವಳು. "ನೀವು?"

ಅವನಿಗೆ ಉತ್ತರ ಹೊಳೆಯಲಿಲ್ಲ. ಮುಸ್ಲಿಂ ಹೆಸರು ಕೇಳಿದ ಕೂಡಲೇ "ನೀವು ಎಲ್ಲಿಂದ ಬಂದವರು, ಕನ್ನಡ ಚೆನ್ನಾಗಿ ಮಾತಾಡುತ್ತೀರಲ್ಲ" ಎನ್ನುವವರನ್ನು ನಾವು ಜೀವನವಿಡೀ ಸಹಿಸಿಕೊಂಡು ಬಂದಿದ್ದೇವೆ. ಅದೇ ಪ್ರಶ್ನೆ ನಮ್ಮ ಮಗನ ಬಾಯಿಯಿಂದ ಇನ್ನೊಬ್ಬರ ಅಂಗಳದಲ್ಲಿ ಬಿದ್ದಾಗ ನಮ್ಮ ಮುಖ ಎಲ್ಲಿ ಇಟ್ಟುಕೊಳ್ಳುವುದು?

ಕೌದಿಗಳು ಒಂದಕ್ಕಿಂತ ಒಂದು ಚಂದ. ಹಳೆಯ ಸೀರೆ, ಅಂಗಿ, ಲುಂಗಿಯ ತುಂಡುಗಳನ್ನು ಸುತ್ತಲೂ ಜೋಡಿಸುತ್ತಾ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಇಡಬೇಕು. ಹೂ ಇಲ್ಲದಿದ್ದರೆ ಕೌದಿ ಬತ್ತಲೆ ಎಂಬ ಮಾತಿದೆಯಂತೆ. ಬೆಲೆ ಕೇಳಿದ ಕೂಡಲೇ ನಮ್ಮಲ್ಲಿ ಒಬ್ಬರು ಅಭ್ಯಾಸಬಲದಿಂದ ಐನೂರು ಕಡಿಮೆ ಮಾಡಿ ಎಂದರು. ಎರಡು ದಿನದ ಹಿಂದೆ ರಾಫ್ಟಿಂಗಿನ ಟಿಕೆಟಿಗೆ ಯಾರೂ ಚೌಕಾಸಿ ಮಾಡಿರಲಿಲ್ಲ. ಉಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿ ಕೇಳಿದರು: "ಇದಕ್ಕೆ ಎಷ್ಟು ದಿನ ಹಿಡೀತು ಮೋಳೇ?" ಮನೆಗೆಲಸ, ಗದ್ದೆಗೆಲಸದ ನಡುವೆ ಒಂದೂವರೆ ತಿಂಗಳು ಎಂದು ಉತ್ತರ ಬಂತು. ಉಮ್ಮ ತಮ್ಮ ಸೊಂಟದ ಚೀಲದಿಂದ ಹೇಳಿದಷ್ಟೂ ಎಣಿಸಿ ಕೊಟ್ಟರು.

ಕಲಘಟಗಿಯ ಮೇಲಾಗಿ ಮುಂಡಗೋಡ ತಲುಪುವಾಗ ಮಧ್ಯಾಹ್ನ ದಾಟಿತ್ತು. ಪೇಟೆಯಿಂದ ಕೆಲವೇ ಮೈಲು ದೂರದ ಟಿಬೆಟನ್ ನೆಲೆಗೆ ಗಾಡಿ ತಿರುಗಿಸಿದೆವು. ದಾರಿಯಲ್ಲಿ ಫಲಕಗಳು: ಕ್ಯಾಂಪ್ ನಂಬರ್ ಒಂದು, ಕ್ಯಾಂಪ್ ನಂಬರ್ ಎರಡು. ಚಿಕ್ಕವಳು ಕಿಟಕಿಯಿಂದ ತಲೆ ಹಾಕಿ ಹುಡುಕಿದಳು. "ಕ್ಯಾಂಪ್ ಅಂತ ಬರೆದಿದೆ, ಟೆಂಟೇ ಇಲ್ಲವಲ್ಲ?"

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಒಂದು ಸಣ್ಣ ಹೋಟೆಲಿನ ಮುದುಕರು. ನಮಗಾಗಿ ತರಕಾರಿಯ ತುಕ್ಪಾ ತಂದಿಟ್ಟು ಪಕ್ಕದ ಬೆಂಚಿನಲ್ಲಿ ಕೂತರು. ಅವರು ಅಪ್ಪನ ಹೆಗಲ ಮೇಲೆ ಟಿಬೆಟ್ ದಾಟಿದವರು. ಅಪ್ಪ ಹಿಮಾಚಲದಲ್ಲಿ ರಸ್ತೆ ಕಡಿಯುವ ಕೆಲಸ ಮಾಡುತ್ತಿದ್ದರು. ಆಗಲೂ ಡೇರೆ. 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಇಲ್ಲಿ ಜಾಗ ಕೊಟ್ಟರು. ಬಂದಾಗ ಮತ್ತೆ ಡೇರೆ, ಸುತ್ತ ಕಾಡು, ಕಾಣದ ಸೆಕೆ. ಆಮೇಲೆ ಹಂಚಿನ ಮನೆ ಬಂತು, ಜೋಳದ ಹೊಲ ಬಂತು, ಗಾದೆನ್, ದ್ರೆಪುಂಗ್ ಎಂಬ ಲಾಸಾದ ಮಹಾ ಮಠಗಳು ಇಲ್ಲಿ ಮತ್ತೆ ಎದ್ದು ನಿಂತವು. "ಟೆಂಟು ಹೋಗಿ ಐವತ್ತು ವರ್ಷ ದಾಟಿತು. ಹೆಸರು ಮಾತ್ರ ಹೋಗಲಿಲ್ಲ. ವಾಪಸ್ ಹೋಗುವವರು ಅಲ್ಲವಾ, ಅದಕ್ಕೆ ಕ್ಯಾಂಪ್," ಎಂದು ಕನ್ನಡದಲ್ಲೇ ಹೇಳಿ ನಕ್ಕರು.

ಉಮ್ಮನಿಗೆ ಅವರನ್ನು ಎಲ್ಲೋ ನೋಡಿದಂತೆ ಅನ್ನಿಸಿತು. ಹಿಂದೆಲ್ಲ ಚಳಿಗಾಲದಲ್ಲಿ ಮಂಗಳೂರಿನ ಬೀದಿಬದಿಯಲ್ಲಿ ಸ್ವೆಟರ್ ಮಾರಲು ಟಿಬೆಟಿನವರು ಬರುತ್ತಿದ್ದರು. ಮುದುಕರು ತಾನು ಹುಬ್ಬಳ್ಳಿಯಲ್ಲಿ ಮಾರುತ್ತಿದ್ದೆ ಎಂದರು. ನಾವು ಟಿಬೆಟಿನಲ್ಲಿ ಮುಸ್ಲಿಮರೂ ಇದ್ದರಂತೆ ಎಂದಾಗ ಅವರ ಮುಖ ಅರಳಿತು. "ಇದ್ದರು! ಖಾಚೆ ಅಂತೀವಿ. ಈಗ ಕಾಶ್ಮೀರದಲ್ಲಿದಾರೆ." ಹೌದು, 1960ರಲ್ಲಿ ಲಾಸಾ ಬಿಟ್ಟು ಬಂದ ಆ ಮುಸ್ಲಿಮರಲ್ಲಿ ಹೆಚ್ಚಿನವರು ಶ್ರೀನಗರ ಸೇರಿದರು. ತಮ್ಮೂರಿನವರ ಹೆಸರನ್ನು ಅಪರಿಚಿತರ ಬಾಯಲ್ಲಿ ಕೇಳಿದ ಸಂತೋಷಕ್ಕೆ ಅವರು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಮಠದ ಅಂಗಳದಲ್ಲಿ ಕೆಂಪು ಬಟ್ಟೆಯ ಹುಡುಗ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿದೆವು. ಹೋಗುವವರು ಅತ್ತಿವೇರಿಯ ಪಕ್ಷಿಧಾಮಕ್ಕೂ ಅರ್ಧ ದಿನ ಇಟ್ಟುಕೊಳ್ಳಿ. ನಮಗೆ ಹೊತ್ತಾಗಿತ್ತು.

ಶಿರಸಿ, ಕುಮಟಾ ದಾಟಿ ಕರಾವಳಿಗೆ ಇಳಿಯುವಾಗ ರಾತ್ರಿ. ಮಕ್ಕಳೆಲ್ಲ ನಿದ್ದೆ. ನಾವು ಮಾತಾಡಿಕೊಂಡೆವು. ಗುಲಾಮಗಿರಿಯಿಂದ ಓಡಿದವರು, ಕಲ್ಯಾಣದಿಂದ ಚದುರಿದವರು, ಹಿಮಾಲಯ ದಾಟಿದವರು, ಎಲ್ಲರಿಗೂ ಜಾಗ ಕೊಟ್ಟ ನೆಲ ಇದು. ಅಲ್ಲೇ ಹುಟ್ಟಿದವರ ಮನೆಯನ್ನು ಮಾತ್ರ ನಮ್ಮಂಥವರ ದೀಪಕ್ಕಾಗಿ ಮುಳುಗಿಸಿದ್ದೂ ಇದೇ ನೆಲದಲ್ಲಿ. ಅಲ್ಲಿಗೆ ನಾವು ರಜೆಗೆ ಹೋಗಬಾರದೇ? ಹೋಗಬೇಕು. ಆ ಯುವಕನಿಗೆ, ಕೌದಿಯ ಮನೆಗೆ, ಹೋಟೆಲಿನ ಮುದುಕರಿಗೆ ನಮ್ಮ ಹಣ ಬೇಕು. ಆದರೆ ಅವರ ಮನೆಯಲ್ಲಿ ನಾವು ಅತಿಥಿಗಳು ಎಂಬ ನೆನಪಿರಬೇಕು. ಉಮ್ಮ ಮುಂದಿನ ಸೀಟಿನಿಂದಲೇ ಹೇಳಿದರು: "ಅತಿಥಿಯ ಹಕ್ಕು ಮೂರು ದಿನದ್ದು ಅಂತ ನಮ್ಮ ಹಿರಿಯರು ಹೇಳ್ತಿದ್ದರು. ಆ ಮೂರು ದಿನದಲ್ಲಿ ಮನೆಯವರ ನಿದ್ದೆ ಕೆಡಿಸಬೇಕು ಅಂತ ಯಾರೂ ಹೇಳಿಲ್ಲ."

ಫ್ರಿಜ್ಜಿನ ಮೇಲಿನ ಪಟ್ಟಿ ಬಹಳ ದಿನ ಹಾಗೆಯೇ ಇತ್ತು. ಮಾಡಿದ್ದಕ್ಕೆಲ್ಲ ಮಕ್ಕಳು ಗುರುತು ಹಾಕಿದ್ದರು. ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ಒಂದೊಂದು ಸಾಲು ಸೇರಿತು: ಗೆಡ್ಡೆ ತಿಂದದ್ದು. ಉಗಿಬಂಡಿಯ ಹಕ್ಕಿ. ತುಕ್ಪಾ. ಒಬ್ಬ ಮಾತ್ರ "ಸುಮ್ಮನೆ ಇದ್ದದ್ದು" ಎಂದು ಬರೆದಿದ್ದ. ಕೌದಿ ಉಮ್ಮನ ಹಾಸಿಗೆಯ ಮೇಲಿದೆ.

ಕಳೆದ ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಉಬ್ಬಿದಾಗ ನಮ್ಮ ಚಿಕ್ಕವಳಿಗೆ ಒಂದು ಹೊಸ ಅಭ್ಯಾಸ ಹಿಡಿಯಿತು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ಹುಡುಕುತ್ತಾಳೆ. ಲಿಂಗನಮಕ್ಕಿ ಬಿಟ್ಟು, ಉಳಿದವನ್ನೂ ಬಿಟ್ಟು, ಸೂಪಾಕ್ಕೆ ಬರುತ್ತಾಳೆ. ಗರಿಷ್ಠ ಮಟ್ಟ 564 ಮೀಟರ್. ಇಂದಿನ ಮಟ್ಟ ಇಷ್ಟು. ಅದನ್ನು ಗಟ್ಟಿಯಾಗಿ ಓದಿ ಅಜ್ಜಿಯ ಕಡೆ ನೋಡುತ್ತಾಳೆ.

ಉಮ್ಮ ಪ್ರತಿದಿನ ಒಂದೇ ಪ್ರಶ್ನೆ ಕೇಳುತ್ತಾರೆ: "ಅವರ ಅಂಗಳ ಕಾಣ್ತದಂತಾ?"

"ಇಲ್ಲ," ಎನ್ನುತ್ತಾಳೆ ಅವಳು, ಮತ್ತೆ ಶಾಲೆಗೆ ಹೊರಡುತ್ತಾಳೆ.